ಯುಎಸ್‌ಬಿ ಪ್ರಿಂಟರ್ ಡ್ರೈವರ್: ಹಳೇದನ್ನ ಬೇರು ಸಮೇತ ಕಿತ್ತು ಹೊಸದು ಹಾಕಿದ್ದು

ಪ್ರಿಂಟರ್ ಹಳೇದು, ಕಪ್ಪು-ಬಿಳುಪಿನ ಲೇಸರ್, ವೈಫೈ ಇಲ್ಲ, ನೆಟ್‌ವರ್ಕ್ ಪೋರ್ಟ್ ಇಲ್ಲ, ಹಿಂದ್ಗಡೆ ಒಂದೇ ಒಂದು ಚೌಕದ ಯುಎಸ್‌ಬಿ ಟೈಪ್-ಬಿ ಸಾಕೆಟ್ ಅಷ್ಟೇ. ಕಂಪ್ಯೂಟರ್‌ನಲ್ಲಿ ವಿಂಡೋಸ್ 11. ಇದೇ ಕಂಪ್ಯೂಟರ್‌ಗೆ ಮುಂಚೆ ಯಾರೋ ಇನ್‌ಸ್ಟಾಲ್ ಮಾಡಿಟ್ಟಿದ್ರು, ಲಿಸ್ಟಲ್ಲಿ ಪ್ರಿಂಟರ್ ಹೆಸರು ಎರಡು ಸಲ ಕಾಣ್ತಿತ್ತು, ಒಂದರ ಮುಂದೆ ಕಾಪಿ 1 ಅಂತ, ಅದು ಯಾವಾಗ್ಲೂ ಆಫ್‌ಲೈನ್. ಇನ್ನೊಂದಕ್ಕೆ ಒಂದೇ ಪುಟದ ಪತ್ರ ಕೊಟ್ರೆ ಹಾಳೆ ಮೇಲೆ ಹಾಳೆ ಬರ್ತಾನೇ ಇತ್ತು, ಎಲ್ಲಾದ್ರಲ್ಲೂ ಅರ್ಥ ಆಗದ ಇಂಗ್ಲಿಷ್ ಅಕ್ಷರ, ಸ್ಲ್ಯಾಶು, ಬ್ರ್ಯಾಕೆಟ್ಟು, ನಂಬರ್ರು.

ಇಂಥದ್ದು ಬಂದ್ರೆ ಆ ಹಾಳೇನ ಬಿಸಾಕ್ಬೇಡಿ, ಮೊದಲ್ನೇ ಹಾಳೆಯ ಮೊದಲ್ನೇ ಸಾಲು ಓದಿ. ನಂಗೆ ಬಂದಿದ್ದು ಹೀಗಿತ್ತು: %!ಪಿಎಸ್-ಅಡೋಬ್-3.0. ರೋಗ ಏನು ಅಂತ ಆ ಒಂದೇ ಸಾಲು ಹೇಳ್ಬಿಡತ್ತೆ. ಕಂಪ್ಯೂಟರ್ ಪೋಸ್ಟ್‌ಸ್ಕ್ರಿಪ್ಟ್ ಭಾಷೇಲಿ ಪುಟ ಕಳಿಸ್ತಿದೆ, ಪ್ರಿಂಟರ್‌ಗೆ ಪೋಸ್ಟ್‌ಸ್ಕ್ರಿಪ್ಟ್ ಬರಲ್ಲ, ಹಾಗಾಗಿ ಅದು ಬಂದ ಪ್ರೋಗ್ರಾಮನ್ನೇ ಮಾಮೂಲಿ ಟೆಕ್ಸ್ಟ್ ಅಂದ್ಕೊಂಡು ಅಕ್ಷರ ಅಕ್ಷರ ಹಾಳೆ ಮೇಲೆ ಹೊಡೀತಿದೆ. ಅಂದ್ರೆ ಕೇಬಲ್ ಸರಿ ಇದೆ, ಪೋರ್ಟ್ ಸರಿ ಇದೆ, ಟೋನರ್, ಡ್ರಮ್ಮು, ಪೇಪರ್ ಎಳೆಯೋ ರೋಲರ್ ಎಲ್ಲಾ ಸರಿ ಇದೆ, ಡ್ರೈವರ್, ಅಂದ್ರೆ ಪುಟಾನ ಪ್ರಿಂಟರ್‌ಗೆ ಅರ್ಥ ಆಗೋ ಭಾಷೆಗೆ ಬದಲಾಯಿಸೋ ಸಾಫ್ಟ್‌ವೇರ್, ಅದೊಂದೇ ತಪ್ಪು. ಪ್ರಿಂಟರ್ ಕೆಟ್ಟೋಯ್ತು ಅಂತ ಎಷ್ಟೋ ಜನ ಇದೇ ಹಂತದಲ್ಲಿ ಕೈ ಬಿಟ್ಬಿಡ್ತಾರೆ, ನಂಗೆ ಅದು ತುಂಬಾ ಬೇಜಾರಿನ ವಿಷಯ, ಯಾಕಂದ್ರೆ ಈ ಹಳೇ ಲೇಸರ್‌ಗಳು ಗಟ್ಟಿ ಮಷೀನ್‌ಗಳು, ಡ್ರೈವರ್ ಸಿಗದೇ ಮೂಲೆ ಸೇರೋಕೆ ಮಾಡಿದ್ದಲ್ಲ.

ಡೌನ್‌ಲೋಡ್‌ಗೆ ಕೈ ಹಾಕೋ ಮುಂಚೆ ಪ್ರಿಂಟರ್ ಬಾಯಿಂದಾನೇ ಅದಕ್ಕೆ ಯಾವ ಭಾಷೆ ಬರತ್ತೆ ಅಂತ ಕೇಳ್ಬೇಕು. ಯುಎಸ್‌ಬಿ ಕೇಬಲ್ ತೆಗೆದು, ಪವರ್ ಆನ್ ಇಟ್ಟು, ಪ್ಯಾನಲ್ ಮೇಲಿನ ಬಟನ್ ಒಂದಷ್ಟು ಸೆಕೆಂಡ್ ಒತ್ತಿ ಹಿಡಿದ್ರೆ ಹೆಚ್ಚಿನ ಲೇಸರ್‌ಗಳು ತಮ್ಮದೇ ಕಾನ್ಫಿಗರೇಶನ್ ಪೇಜ್ ಪ್ರಿಂಟ್ ಮಾಡ್ತವೆ, ಯಾವ ಬಟನ್ನು, ಎಷ್ಟು ಹೊತ್ತು ಅನ್ನೋದು ಮಾಡೆಲ್ ಮೇಲೆ ಹೋಗತ್ತೆ, ಮ್ಯಾನ್ಯುಯಲ್‌ನಲ್ಲಿರತ್ತೆ. ಆ ಪೇಜಲ್ಲಿ ಪೂರ್ತಿ ಮಾಡೆಲ್ ಹೆಸರು, ಸೀರಿಯಲ್ ನಂಬರ್, ಫರ್ಮ್‌ವೇರ್ ವರ್ಷನ್, ಮೆಮೊರಿ ಎಷ್ಟು ಅಂತ ಇರತ್ತೆ, ಭಾಷೆಗಳ ಪಟ್ಟೀನೂ ಇರತ್ತೆ. ನಂದ್ರಲ್ಲಿ ಪಿಸಿಎಲ್ 5ಇ ಮತ್ತು ಪಿಸಿಎಲ್ 6 ಅಂತ ಮಾತ್ರ ಇತ್ತು. ಪಿಎಸ್, ಅಂದ್ರೆ ಪೋಸ್ಟ್‌ಸ್ಕ್ರಿಪ್ಟ್, ಅನ್ನೋ ಸುದ್ದಿನೇ ಇಲ್ಲ. ಅನುಮಾನ ಇದ್ದಿದ್ದು ಅಲ್ಲೇ ಖಾತ್ರಿ ಆಯ್ತು.

ಇನ್ನೊಂದು ಚೆಕ್ ಕೂಡ ಮಾಡ್ದೆ, ಇದು ನಂಗೆ ತುಂಬಾ ಇಷ್ಟದ್ದು. ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ ಬೂಟ್ ಮಾಡಿ ಅದೇ ಕೇಬಲ್‌ನಲ್ಲಿ ಪ್ರಿಂಟರ್ ಜೋಡಿಸೋದು, ಹಾರ್ಡ್ ಡಿಸ್ಕ್ ಮುಟ್ಟೋದೇ ಬೇಡ. ಪ್ರತಿ ಯುಎಸ್‌ಬಿ ಪ್ರಿಂಟರ್ ಒಳಗೂ ಐಇಇಇ 1284 ಡಿವೈಸ್ ಐಡಿ ಅಂತ ಒಂದು ಸಾಲು ಕೂತಿರತ್ತೆ. ಪ್ಯಾರಲಲ್ ಪೋರ್ಟ್ ಕಾಲದ ಸ್ಟ್ಯಾಂಡರ್ಡ್ ಅದು, ಯುಎಸ್‌ಬಿ ಬಂದ್ಮೇಲೂ ಅದನ್ನೇ ಇಟ್ಕೊಂಡ್ರು. ಲಿನಕ್ಸ್‌ನಲ್ಲಿ ಸಿಸ್ ಫೋಲ್ಡರ್ ಒಳಗೆ ಎಲ್‌ಪಿ0 ಡಿವೈಸ್ ಕೆಳಗೆ ಅದು ಒಂದು ಫೈಲ್ ಥರ ಕಾಣತ್ತೆ, ತೆಗೆದು ಓದಿದ್ರೆ ಎಂಎಫ್‌ಜಿ ಅಂದ್ರೆ ತಯಾರಕರು, ಎಂಡಿಎಲ್ ಅಂದ್ರೆ ಮಾಡೆಲ್, ಸಿಎಂಡಿ ಅಂದ್ರೆ ಯಾವ ಯಾವ ಭಾಷೆ ಅರ್ಥ ಆಗತ್ತೆ ಅನ್ನೋದು, ಎಲ್ಲಾ ಸೆಮಿಕೋಲನ್ ಹಾಕಿ ಒಂದೇ ಉಸಿರಲ್ಲಿ ಬರ್ದಿರತ್ತೆ. ಸಿಎಂಡಿ ಮುಂದೆ ಪಿಸಿಎಲ್5ಇ, ಪಿಸಿಎಲ್‌ಎಕ್ಸ್‌ಎಲ್ ಇತ್ತು. ಪಿಸಿಎಲ್‌ಎಕ್ಸ್‌ಎಲ್ ಅಂದ್ರೆ ಪಿಸಿಎಲ್ 6ದೇ ಇನ್ನೊಂದು ಹೆಸರು. ಲಿನಕ್ಸ್‌ನ ಪ್ರಿಂಟಿಂಗ್ ವ್ಯವಸ್ಥೆಯಾದ ಕಪ್ಸ್‌ನ ಜೆನೆರಿಕ್ ಪಿಸಿಎಲ್ ಡ್ರೈವರ್ ಹಾಕಿ ಒಂದು ಪುಟ ಕೊಟ್ಟೆ, ಅಚ್ಚುಕಟ್ಟಾಗಿ ಬಂತು. ಇನ್ಮೇಲೆ ಕೆಲಸ ಎಲ್ಲಾ ವಿಂಡೋಸ್ ಒಳಗೇ.

ವಿಂಡೋಸ್‌ನಲ್ಲಿ ಪ್ರಿಂಟರ್ ಅಂದ್ರೆ ಒಂದೇ ವಸ್ತು ಅಂತ ಕಾಣತ್ತೆ, ಆದ್ರೆ ಒಳಗೆ ಅದು ನಾಲ್ಕು ಪದರ, ಇದು ಅರ್ಥ ಆದ್ರೆ ಅರ್ಧ ತಲೆನೋವು ಹೋಗತ್ತೆ. ತಳದಲ್ಲಿ ಡಿವೈಸ್, ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ಪ್ರಿಂಟಿಂಗ್ ಸಪೋರ್ಟ್ ಅಂತ ಕಾಣೋದು. ಅದರ ಮೇಲೆ ಪೋರ್ಟ್, ಯುಎಸ್‌ಬಿ001, ಯುಎಸ್‌ಬಿ002 ಅಂತ ಹೆಸರು. ಅದರ ಮೇಲೆ ಕ್ಯೂ, ನಾವು ಸೆಟ್ಟಿಂಗ್ಸ್‌ನಲ್ಲಿ ನೋಡೋ ಐಕಾನ್ ಇದೇ. ಪಕ್ಕದಲ್ಲಿ ಡ್ರೈವರ್ ಪ್ಯಾಕೇಜ್, ಇದು ಡ್ರೈವರ್ ಸ್ಟೋರ್ ಅನ್ನೋ ಫೋಲ್ಡರ್‌ನಲ್ಲಿ ಬೇರೇನೇ ಇರತ್ತೆ. ಸೆಟ್ಟಿಂಗ್ಸ್‌ನಲ್ಲಿ ರಿಮೂವ್ ಒತ್ತಿದ್ರೆ ಹೋಗೋದು ಕ್ಯೂ ಮಾತ್ರ. ಪ್ಯಾಕೇಜ್ ಅಲ್ಲೇ ಕೂತಿರತ್ತೆ, ನೀವು ಕೇಬಲ್ ಮತ್ತೆ ಚುಚ್ಚಿದ ತಕ್ಷಣ ವಿಂಡೋಸ್ ಸ್ಟೋರ್‌ನಿಂದ ಅದೇ ತಪ್ಪು ಡ್ರೈವರ್ ಎತ್ಕೊಂಡು ಬಂದು ಹಳೇ ಸ್ಥಿತಿಗೇ ತಂದು ನಿಲ್ಸತ್ತೆ. ತೆಗೆದು ಹಾಕ್ದೆ, ತೆಗೆದು ಹಾಕ್ದೆ, ಏನೂ ಆಗ್ಲಿಲ್ಲ ಅನ್ನೋರಿಗೆಲ್ಲ ಆಗಿರೋದು ಇದೇ.

ಹಾಗಾಗಿ ಮೊದಲು ಕೇಬಲ್ ತೆಗೆದಿಟ್ಟೆ, ಕ್ಲೀನಿಂಗ್ ಮುಗಿಯೋವರೆಗೂ ಮತ್ತೆ ಚುಚ್ಚೋ ಹಾಗಿಲ್ಲ.

ಕ್ಯೂನಲ್ಲಿ ಹಳೇ ಜಾಬ್‌ಗಳು ಡಿಲೀಟಿಂಗ್ ಅಂತ ತೋರಿಸ್ಕೊಂಡು ಅಲ್ಲಾಡ್ದೇ ನಿಂತಿದ್ವು. ಇದಕ್ಕೆ ಸ್ಪೂಲರ್ ಸರ್ವೀಸ್, ಅಂದ್ರೆ ಜಾಬ್‌ಗಳನ್ನ ಸಾಲಲ್ಲಿಟ್ಟು ಪ್ರಿಂಟರ್‌ಗೆ ಕಳಿಸೋ ವಿಂಡೋಸ್ ಭಾಗ, ನಿಲ್ಸಬೇಕು. ಅಡ್ಮಿನ್ ಆಗಿ ಕಮ್ಯಾಂಡ್ ಪ್ರಾಂಪ್ಟ್ ತೆಗೆದು ನೆಟ್ ಸ್ಟಾಪ್ ಸ್ಪೂಲರ್ ಕೊಟ್ಟು, ವಿಂಡೋಸ್ ಫೋಲ್ಡರ್ ಒಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಅನ್ನೋ ಫೋಲ್ಡರ್‌ಗೆ ಹೋದ್ರೆ ಜಾಬ್‌ಗೆ ಎರಡೆರಡು ಫೈಲ್ ಸಿಗ್ತವೆ. ಎಸ್‌ಪಿಎಲ್ ಅಂತ ಮುಗಿಯೋದ್ರಲ್ಲಿ ಪುಟದ ಡೇಟಾ, ಎಸ್‌ಎಚ್‌ಡಿ ಅಂತ ಮುಗಿಯೋದ್ರಲ್ಲಿ ಯಾರು ಕೊಟ್ಟಿದ್ದು, ಯಾವ ಕ್ಯೂಗೆ ಅನ್ನೋ ವಿವರ. ಒಳಗಿರೋ ಫೈಲ್‌ಗಳನ್ನಷ್ಟೇ ಅಳಿಸಿ, ಫೋಲ್ಡರನ್ನ ಅಳಿಸ್ಬೇಡಿ. ಆಮೇಲೆ ನೆಟ್ ಸ್ಟಾರ್ಟ್ ಸ್ಪೂಲರ್. ಕಂಪ್ಯೂಟರ್ ಎಷ್ಟು ಸಲ ರೀಸ್ಟಾರ್ಟ್ ಮಾಡಿದ್ರೂ ಹೋಗದ ಜಾಬ್ ಇದ್ರಲ್ಲಿ ಹೋಗತ್ತೆ, ಯಾಕಂದ್ರೆ ಸ್ಪೂಲರ್ ಶುರು ಆದಾಗೆಲ್ಲ ಆ ಫೋಲ್ಡರ್ ನೋಡಿ ಬಾಕಿ ಇರೋದನ್ನ ಮತ್ತೆ ಎತ್ಕೊಳ್ಳತ್ತೆ.

ಜಾಬ್ ಖಾಲಿ ಆದ್ಮೇಲೆ ಎರಡೂ ಕ್ಯೂ ರಿಮೂವ್ ಮಾಡಿ, ಪ್ಯಾಕೇಜ್ ಕಡೆ ಹೋದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಪ್ರಿಂಟ್‌ಯುಐ, ಸ್ಪೇಸ್, ಸ್ಲ್ಯಾಶ್ ಎಸ್, ಸ್ಪೇಸ್, ಸ್ಲ್ಯಾಶ್ ಟಿ2 ಅಂತ ಕೊಟ್ರೆ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ವಿಂಡೋ ನೇರವಾಗಿ ಡ್ರೈವರ್ಸ್ ಟ್ಯಾಬ್‌ನಲ್ಲಿ ತೆರೆಯತ್ತೆ. ಸರ್ವರ್ ಅನ್ನೋ ಹೆಸರು ನೋಡಿ ಇದು ಆಫೀಸ್‌ನೋರಿಗೆ ಅಂತ ಹಿಂದೆ ಸರೀಬೇಡಿ, ನಮ್ಮ ಕಂಪ್ಯೂಟರಿನ ಎಲ್ಲಾ ಪ್ರಿಂಟ್ ಡ್ರೈವರ್‌ಗಳ ಲಿಸ್ಟ್ ಸಿಗೋದು ಇಲ್ಲೇ. ಪಿಎಸ್ ಅಂತ ಕೊನೆಗೊಳ್ಳೋ ಡ್ರೈವರ್ ಅಲ್ಲಿ ಕೂತಿತ್ತು. ರಿಮೂವ್ ಒತ್ತಿದ್ರೆ ಎರಡು ಆಯ್ಕೆ ಬರತ್ತೆ, ಡ್ರೈವರ್ ಮಾತ್ರ, ಅಥವಾ ಡ್ರೈವರ್ ಜೊತೆ ಪ್ಯಾಕೇಜ್. ಎರಡನೇದೇ ಬೇಕು. ಡ್ರೈವರ್ ಈಸ್ ಇನ್ ಯೂಸ್ ಅಂತ ಎರರ್ ಬಂತು, ಇದು ಮಾಮೂಲಿ, ಸ್ಪೂಲರ್ ಆ ಡ್ರೈವರ್‌ನ ಡಿಎಲ್‌ಎಲ್‌ಗಳನ್ನ ಮೆಮೊರಿಯಲ್ಲಿ ಹಿಡ್ಕೊಂಡಿರತ್ತೆ. ಈ ವಿಂಡೋ ತೆಗೆದೇ ಇಟ್ಕೊಂಡು ಸ್ಪೂಲರ್ ನಿಲ್ಲಿಸಿ ಶುರು ಮಾಡಿ, ಅದು ಎದ್ದ ಕೂಡ್ಲೆ ರಿಮೂವ್ ಒತ್ತಿದ್ರೆ ಹೋಗತ್ತೆ, ತಡ ಮಾಡಿದ್ರೆ ಮತ್ತೆ ಲೋಡ್ ಆಗ್ಬಿಡ್ಬಹುದು. ನಂದು ಹೋಯ್ತು. ಖಾತ್ರಿಗೆ ಪಿಎನ್‌ಪಿಯುಟಿಲ್ ಕಮ್ಯಾಂಡ್‌ನಲ್ಲಿ ಎನಮ್-ಡ್ರೈವರ್ಸ್ ಕೊಟ್ಟು ನೋಡ್ದೆ. ಹೊರಗಿಂದ ಬಂದ ಪ್ರತಿ ಪ್ಯಾಕೇಜ್‌ಗೂ ವಿಂಡೋಸ್ ಓಇಎಂ ಅಂತ ಶುರು ಆಗಿ ಒಂದು ನಂಬರ್ ಇರೋ ಹೆಸರು ಕೊಟ್ಟಿರತ್ತೆ, ಒರಿಜಿನಲ್ ಐಎನ್‌ಎಫ್ (ಡ್ರೈವರ್ ಹೇಗೆ ಹಾಕ್ಬೇಕು ಅಂತ ಹೇಳೋ ಫೈಲ್) ಹೆಸರು, ತಯಾರಕರು, ತಾರೀಖು ಎಲ್ಲಾ ಪಕ್ಕದಲ್ಲೇ ಇರತ್ತೆ, ಕ್ಲಾಸ್ ಪ್ರಿಂಟರ್ಸ್ ಅಂತ ಇರೋದನ್ನ ಹುಡುಕಿದ್ರೆ ಏನು ಉಳಿದಿದೆ ಅಂತ ಗೊತ್ತಾಗತ್ತೆ.

ಕಾಪಿ 1 ಯಾಕೆ ಹುಟ್ಟತ್ತೆ ಅನ್ನೋದೂ ಇಲ್ಲೇ ಹೇಳ್ಬಿಡ್ತೀನಿ. ಪ್ರಿಂಟರ್ ತನ್ನ ಯುಎಸ್‌ಬಿ ವಿವರದಲ್ಲಿ ಸೀರಿಯಲ್ ನಂಬರ್ ಹೇಳಿದ್ರೆ ಯಾವ ಸಾಕೆಟ್‌ಗೆ ಹಾಕಿದ್ರೂ ವಿಂಡೋಸ್ ಇದು ಅದೇ ಪ್ರಿಂಟರ್ ಅಂತ ಗುರುತು ಹಿಡಿಯತ್ತೆ. ಹೇಳ್ಲಿಲ್ಲ ಅಂದ್ರೆ ಸಾಕೆಟ್ ಬದಲಾದಾಗ ಹೊಸ ಡಿವೈಸ್ ಅಂದ್ಕೊಂಡು ಹೊಸ ಪೋರ್ಟ್, ಹೊಸ ಕ್ಯೂ ಮಾಡತ್ತೆ, ಎರಡ್ರಲ್ಲಿ ಕೇಬಲ್ ಇಲ್ಲದ ಸಾಕೆಟ್‌ನ ಕಡೆ ಮುಖ ಮಾಡಿರೋ ಕ್ಯೂ ಆಫ್‌ಲೈನ್ ಆಗಿ ಕೂರತ್ತೆ. ಡಿವೈಸ್ ಮ್ಯಾನೇಜರ್‌ನಲ್ಲಿ ವ್ಯೂ ಮೆನು, ಶೋ ಹಿಡನ್ ಡಿವೈಸಸ್ ಅಂತ ಕೊಟ್ರೆ ಪ್ರಿಂಟ್ ಕ್ಯೂಸ್ ಕೆಳಗೂ ಯುಎಸ್‌ಬಿ ಕಂಟ್ರೋಲರ್ಸ್ ಕೆಳಗೂ ಮಸುಕಾಗಿ ಹಳೇ ಪಳೆಯುಳಿಕೆಗಳು ಕಾಣ್ತವೆ, ಪ್ರಿಂಟರ್‌ಗೆ ಸೇರಿದ್ದು ಅಂತ ಖಾತ್ರಿ ಇರೋದನ್ನ ಮಾತ್ರ ಅನ್‌ಇನ್‌ಸ್ಟಾಲ್ ಮಾಡ್ದೆ. ಮೇಲೆ ಒಂದು ರೀಸ್ಟಾರ್ಟ್. ಅಲ್ಲಿಂದ ಮುಂದೆ ಒಂದೇ ಸಾಕೆಟ್ ಅಂತ ಫಿಕ್ಸ್ ಮಾಡಿ, ಕಂಪ್ಯೂಟರ್ ಹಿಂಭಾಗದ ಮದರ್‌ಬೋರ್ಡ್ ಸಾಕೆಟ್ ಇಟ್ಕೊಂಡೆ. ಪ್ರಿಂಟರ್‌ನ ಹಬ್‌ಗೆ ಹಾಕೋದು ನಂಗೆ ಇಷ್ಟ ಇಲ್ಲ, ಮುಂಭಾಗದ ಸಾಕೆಟ್ಟೂ ಸಡಿಲ ಇರತ್ತೆ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ದಾಟೋ ಹಾಗಿಲ್ಲ, ಎರಡು ಕೇಬಲ್ ಜೋಡಿಸಿ ಉದ್ದ ಮಾಡಿದ್ರೆ ಪ್ರಿಂಟ್ ಅರ್ಧಕ್ಕೆ ನಿಲ್ಲೋದು, ಡಿವೈಸ್ ನಾಟ್ ರೆಕಗ್ನೈಸ್ಡ್ ಅನ್ನೋದು ಶುರು ಆಗತ್ತೆ, ಅದನ್ನ ಡ್ರೈವರ್ ಬದಲಾಯಿಸಿ ಸರಿ ಮಾಡೋಕಾಗಲ್ಲ.

ಈಗ ಹೊಸ ಡ್ರೈವರ್. ತಯಾರಕರ ಸ್ವಂತ ಸಪೋರ್ಟ್ ಪೇಜ್ ಬಿಟ್ಟು ಬೇರೆ ಎಲ್ಲಿಂದಾನೂ ಇಳಿಸ್ಬೇಡಿ ಅಂತ ಗಟ್ಟಿಯಾಗಿ ಹೇಳ್ತೀನಿ. ಡ್ರೈವರ್ ಹುಡುಕಿಕೊಡ್ತೀವಿ, ಸ್ಕ್ಯಾನ್ ಮಾಡ್ತೀವಿ ಅನ್ನೋ ಸಾಫ್ಟ್‌ವೇರ್‌ಗಳು ಸರ್ಚ್‌ನಲ್ಲಿ ಮೊದ್ಲು ಬರ್ತವೆ, ಡ್ರೈವರ್ ಇನ್‌ಸ್ಟಾಲ್‌ಗೆ ಅಡ್ಮಿನ್ ಪರ್ಮಿಶನ್ ಬೇಕೇ ಬೇಕು, ಗುರುತಿಲ್ಲದ ಪ್ರೋಗ್ರಾಮ್‌ಗೆ ಅಡ್ಮಿನ್ ಕೊಡೋದು ಅಂದ್ರೆ ಮನೆ ಬೀಗದ ಕೈ ಕೊಟ್ಟಂಗೆ. ಮಾಡೆಲ್ ಹೆಸರಿನ ಕೊನೆ ಅಕ್ಷರಗಳನ್ನೂ ಬಿಡ್ದೇ ಹಾಕಿ ಹುಡುಕಿ, ಒಂದೇ ನಂಬರ್ ಮುಂದೆ ಎನ್ ಅಂತ ಇದ್ರೆ ಒಂದು ಥರ, ಡಿಎನ್ ಅಂತ ಇದ್ರೆ ಇನ್ನೊಂದು ಥರ, ಕೆಲವು ಮಾಡೆಲ್‌ನಲ್ಲಿ ಅಷ್ಟಕ್ಕೇ ಭಾಷೇನೂ ಬದಲಾಗಿರತ್ತೆ.

ನನ್ನ ಮಾಡೆಲ್‌ಗೆ ವಿಂಡೋಸ್ 11 ಅಂತ ಹೆಸರು ಹಾಕಿದ ಡ್ರೈವರ್ ಇರ್ಲಿಲ್ಲ, ಲಿಸ್ಟ್ ವಿಂಡೋಸ್ 7ರ 64 ಬಿಟ್ ಹತ್ರ ನಿಂತಿತ್ತು. ಇದಕ್ಕೆ ಹೆದರ್ಬೇಕಿಲ್ಲ. ಟೈಪ್ 3 ಅನ್ನೋ ಡ್ರೈವರ್ ಮಾದರಿ ವಿಂಡೋಸ್ 2000 ಕಾಲದ್ದು, ಅದು ವಿಂಡೋಸ್ 11ರಲ್ಲೂ ನಡಿಯತ್ತೆ, ಟೈಪ್ 4 ಬಂದಿದ್ದು ವಿಂಡೋಸ್ 8ರ ಜೊತೆ. ಆದ್ರೆ ಬಿಟ್ ಮಾತ್ರ ಹೊಂದ್ಲೇಬೇಕು: ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿನೇ ಇಲ್ಲ, ಹಾಗಾಗಿ 32 ಬಿಟ್ ಡ್ರೈವರ್ ಮಾತ್ರ ಇರೋ ಪ್ರಿಂಟರ್‌ಗೆ ಆ ದಾರಿ ಮುಚ್ಚಿದಂಗೆ. ಎಆರ್‌ಎಂ ಪ್ರೊಸೆಸರ್ ಇರೋ ಹೊಸ ಲ್ಯಾಪ್‌ಟಾಪ್ ಆದ್ರೆ ಎಆರ್‌ಎಂ64 ಡ್ರೈವರೇ ಬೇಕು, ಮಾಮೂಲಿ ಪ್ರೋಗ್ರಾಮ್‌ಗಳು ಎಮ್ಯುಲೇಶನ್‌ನಲ್ಲಿ ಓಡ್ತವೆ ಅಂತ ಡ್ರೈವರ್ ಓಡಲ್ಲ. ತಯಾರಕರ ಯೂನಿವರ್ಸಲ್ ಪಿಸಿಎಲ್ 6 ಡ್ರೈವರ್ ಕೂಡ ಇತ್ತು, ಅದೂ ಒಳ್ಳೇ ಆಯ್ಕೆನೇ, ಆದ್ರೆ ಮಾಡೆಲ್‌ಗೇ ಅಂತ ಇರೋದು ಸಿಕ್ಕಾಗ ನಾನು ಅದನ್ನೇ ತಗೋತೀನಿ, ಟ್ರೇ, ಟೋನರ್ ಸೇವಿಂಗ್ ಥರದ ಆಯ್ಕೆಗಳು ಸರಿಯಾಗಿ ಕಾಣ್ತವೆ. ಇನ್ನು ಹೋಸ್ಟ್ ಬೇಸ್ಡ್ ಅಥವಾ ಜಿಡಿಐ ಪ್ರಿಂಟರ್ ಇರೋರಿಗೆ ಈ ಯೂನಿವರ್ಸಲ್ ದಾರಿ ಇಲ್ಲ, ಅವಕ್ಕೆ ಪಿಸಿಎಲ್ಲೂ ಬರಲ್ಲ ಪಿಎಸ್ಸೂ ಬರಲ್ಲ, ಪುಟದ ಪೂರ್ತಿ ಚಿತ್ರ ಕಂಪ್ಯೂಟರೇ ರೆಡಿ ಮಾಡಿ ಕಳಿಸ್ಬೇಕು, ಅಂಥದ್ದಕ್ಕೆ ಅದರದೇ ಡ್ರೈವರ್ ಬಿಟ್ರೆ ಗತಿ ಇಲ್ಲ.

ಇಳಿಸಿದ ಫೈಲ್ ಡಬಲ್ ಕ್ಲಿಕ್ ಮಾಡಿದ್ರೆ ಈ ಆಪರೇಟಿಂಗ್ ಸಿಸ್ಟಮ್ ಸಪೋರ್ಟ್ ಇಲ್ಲ ಅಂತ ನಿಂತ್ಕೊಳ್ತು. ನಿಂತಿದ್ದು ಸೆಟಪ್ ಪ್ರೋಗ್ರಾಮ್ ಮಾತ್ರ, ಡ್ರೈವರ್ ಬೇಡ ಅಂದಿಲ್ಲ. 7-ಜಿಪ್‌ನಲ್ಲಿ ಆ ಇಎಕ್ಸ್‌ಇ ಬಿಚ್ಚಿದ್ರೆ ಒಳಗೆ ಐಎನ್‌ಎಫ್ ಫೈಲು, ಪಕ್ಕದಲ್ಲೇ ಕ್ಯಾಟ್ ಫೈಲು, ಡಿಎಲ್‌ಎಲ್‌ಗಳು ಎಲ್ಲಾ ಸಿಕ್ತು. ಐಎನ್‌ಎಫ್ ಅನ್ನೋದು ಮಾಮೂಲಿ ಟೆಕ್ಸ್ಟ್, ನೋಟ್‌ಪ್ಯಾಡ್‌ನಲ್ಲಿ ತೆಗೆದು ಓದಿ. ಮ್ಯಾನುಫ್ಯಾಕ್ಚರರ್ ಅನ್ನೋ ಭಾಗದಲ್ಲಿ ಎನ್‌ಟಿಎಎಂಡಿ64 ಅಂತ ಇದ್ರೆ 64 ಬಿಟ್‌ಗೆ ಇದೆ ಅಂತ ಅರ್ಥ, ಪ್ರೊಸೆಸರ್ ಇಂಟೆಲ್‌ದಾದ್ರೂ ಅಲ್ಲಿ ಎಎಂಡಿ64 ಅಂತಾನೇ ಇರತ್ತೆ. ಕೆಳಗೆ ಮಾಡೆಲ್ ಹೆಸರು, ಅದರ ಮುಂದೆ ಯುಎಸ್‌ಬಿಪ್ರಿಂಟ್ ಅಂತ ಶುರು ಆಗೋ ಹಾರ್ಡ್‌ವೇರ್ ಐಡಿ, ಅದ್ರಲ್ಲಿ ತಯಾರಕರ ಮತ್ತು ಮಾಡೆಲ್ ಹೆಸರಿನ ಮೊದಲ 20 ಅಕ್ಷರ, ಕೊನೆಗೆ ನಾಲ್ಕು ಹೆಕ್ಸ್ ಅಂಕಿ. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರಿಂಟರ್‌ನ ಡೀಟೇಲ್ಸ್ ಟ್ಯಾಬ್, ಹಾರ್ಡ್‌ವೇರ್ ಐಡಿಸ್ ಅಂತ ಆರಿಸಿದ್ರೆ ಅಲ್ಲೂ ಇದೇ ಬರ್ಬೇಕು. ಎರಡೂ ಅಕ್ಷರಕ್ಕಕ್ಷರ ಒಂದೇ ಇದ್ರೆ ಸರಿಯಾದ ಡ್ರೈವರ್ ಕೈಯಲ್ಲಿದೆ ಅಂತ ನಿಶ್ಚಿಂತೆಯಿಂದ ಮುಂದೆ ಹೋಗ್ಬಹುದು, ಊಹೆ ಮಾಡೋ ಪ್ರಶ್ನೆನೇ ಇಲ್ಲ. ಓದಿ, ಆದ್ರೆ ತಿದ್ದಬೇಡಿ. ಐಎನ್‌ಎಫ್‌ನಲ್ಲಿ ಒಂದು ಅಕ್ಷರ ಬದಲಾದ್ರೂ ಕ್ಯಾಟ್ ಫೈಲ್‌ನಲ್ಲಿರೋ ಡಿಜಿಟಲ್ ಸಹಿ ಹೊಂದಲ್ಲ, ವಿಂಡೋಸ್ ಒಳಗೆ ಬಿಟ್ಕೊಳ್ಳಲ್ಲ.

ಸೆಟಪ್ ಪ್ರೋಗ್ರಾಮ್ ಸರಿಯಾಗಿ ಓಡೋ ಪ್ರಿಂಟರ್ ಆದ್ರೆ ಅದು ಕೇಳೋವರೆಗೂ ಕೇಬಲ್ ಹಾಕ್ಬೇಡಿ, ಎಷ್ಟೋ ಪ್ರಿಂಟರ್‌ಗಳ ಯುಎಸ್‌ಬಿ ಸಾಕೆಟ್ ಮೇಲೆ ಸ್ಟಿಕ್ಕರ್ ಅಂಟಿಸಿರೋದು ಇದಕ್ಕೇನೇ. ನಂದು ಕೈಯಿಂದ ಹಾಕೋ ದಾರಿ, ಹಾಗಾಗಿ ಮೊದಲು ಪಿಎನ್‌ಪಿಯುಟಿಲ್‌ನಲ್ಲಿ ಆಡ್-ಡ್ರೈವರ್ ಕೊಟ್ಟು ಐಎನ್‌ಎಫ್ ಅನ್ನ ಸ್ಟೋರ್‌ಗೆ ಸೇರಿಸ್ದೆ, ಆಮೇಲೆ ಪ್ರಿಂಟರ್ ಆನ್ ಮಾಡಿ ಕೇಬಲ್ ಚುಚ್ಚಿದೆ. ಐಡಿ ಹೊಂದಿದ್ರಿಂದ ವಿಂಡೋಸ್ ತಾನೇ ಎತ್ಕೊಂಡು ಕ್ಯೂ ಮಾಡ್ಕೊಳ್ತು. ತಾನಾಗೇ ಎತ್ಕೊಳ್ಳದಿದ್ರೆ ಸೆಟ್ಟಿಂಗ್ಸ್, ಬ್ಲೂಟೂತ್ ಆಂಡ್ ಡಿವೈಸಸ್, ಪ್ರಿಂಟರ್ಸ್ ಆಂಡ್ ಸ್ಕ್ಯಾನರ್ಸ್, ಆಡ್ ಡಿವೈಸ್ ಒತ್ತಿ ಸ್ವಲ್ಪ ಕಾಯಿರಿ, ಆಡ್ ಮ್ಯಾನ್ಯುಯಲಿ ಅನ್ನೋ ಲಿಂಕ್ ತಡವಾಗಿ ಬರತ್ತೆ. ಅದ್ರಲ್ಲಿ ಕೊನೇ ಆಯ್ಕೆ, ಲೋಕಲ್ ಪ್ರಿಂಟರ್ ಮ್ಯಾನ್ಯುಯಲ್ ಸೆಟ್ಟಿಂಗ್ಸ್, ಪೋರ್ಟ್ ಕೇಳಿದಾಗ ವರ್ಚುಯಲ್ ಪ್ರಿಂಟರ್ ಪೋರ್ಟ್ ಫಾರ್ ಯುಎಸ್‌ಬಿ ಅಂತ ಪಕ್ಕದಲ್ಲಿರೋ ಯುಎಸ್‌ಬಿ001 ಆರಿಸಿ, ಹ್ಯಾವ್ ಡಿಸ್ಕ್ ಒತ್ತಿ ಐಎನ್‌ಎಫ್ ತೋರ್ಸಿ. ಡೀಫಾಲ್ಟ್ ಆಗಿ ಎಲ್‌ಪಿಟಿ1 ಆಯ್ಕೆ ಆಗಿರತ್ತೆ, ಅದನ್ನ ಬದಲಾಯಿಸದೇ ಮುಂದೆ ಹೋದ್ರೆ ಜಾಬ್‌ಗಳು ಇಲ್ಲದ ಪ್ಯಾರಲಲ್ ಪೋರ್ಟ್‌ಗೆ ಹೋಗಿ ಸಿಕ್ಕಾಕೊಳ್ತವೆ.

ಟೆಸ್ಟ್ ಪೇಜ್ ಕೊಟ್ಟೆ. ಲೈಟ್ ಮಿನುಗ್ತು, ಮೋಟರ್ ತಿರುಗ್ಲಿಲ್ಲ. ಈ ಲಕ್ಷಣ ಕಂಡ್ರೆ ಪೇಪರ್ ಸೈಜ್ ನೋಡಿ. ಎಷ್ಟೋ ಡ್ರೈವರ್‌ಗಳು ಲೆಟರ್ ಸೈಜ್ ಇಟ್ಕೊಂಡು ಬರ್ತವೆ, ಅದು 216 ಬೈ 279 ಮಿಲಿಮೀಟರ್, ಟ್ರೇನಲ್ಲಿರೋದು ಎ4, 210 ಬೈ 297, ಪ್ರಿಂಟರ್ ಲೆಟರ್ ಹಾಳೆ ಹಾಕಿ ಅಂತ ಕಾಯ್ತಾ ನಿಂತಿರತ್ತೆ. ಪ್ರಿಂಟಿಂಗ್ ಪ್ರಿಫರೆನ್ಸಸ್‌ನಲ್ಲಿ ಎ4 ಮಾಡಿದ್ರೆ ನಿಮ್ಮ ಯೂಸರ್‌ಗೆ ಮಾತ್ರ ಸರಿ ಹೋಗತ್ತೆ, ಕಂಪ್ಯೂಟರ್ ಬಳಸೋ ಎಲ್ರಿಗೂ ಬೇಕಂದ್ರೆ ಪ್ರಿಂಟರ್ ಪ್ರಾಪರ್ಟೀಸ್, ಅಡ್ವಾನ್ಸ್‌ಡ್ ಟ್ಯಾಬ್, ಪ್ರಿಂಟಿಂಗ್ ಡೀಫಾಲ್ಟ್ಸ್ ಒಳಗೂ ಬದಲಾಯಿಸ್ಬೇಕು. ಡಿವೈಸ್ ಸೆಟ್ಟಿಂಗ್ಸ್ ಟ್ಯಾಬ್‌ನಲ್ಲಿ ಟ್ರೇಗೂ ಎ4 ಅಂತ ಹಾಕ್ದೆ. ಟೆಸ್ಟ್ ಪೇಜ್ ಹೊರಗೆ ಬಂತು, ಡ್ರೈವರ್ ಹೆಸರು, ಪೋರ್ಟ್ ಹೆಸರು ಎಲ್ಲಾ ಅದ್ರಲ್ಲೇ ಅಚ್ಚಾಗಿತ್ತು, ಹೆಸರಿನ ಕೊನೇಲಿ ಪಿಸಿಎಲ್ 6 ನೋಡಿ ಖುಷಿ ಆಯ್ತು.

ವಿಂಡೋಸ್ ಟೆಸ್ಟ್ ಪೇಜ್ ಬಂತು ಅಂತ ಅಲ್ಲಿಗೇ ಬಿಡ್ಬೇಡಿ, ಒತ್ತಕ್ಷರ ಜಾಸ್ತಿ ಇರೋ ಒಂದು ಕನ್ನಡ ಪುಟಾನೂ ಪ್ರಿಂಟ್ ಮಾಡಿ ನೋಡಿ. ಸ್ಕ್ರೀನ್ ಮೇಲೆ ಸರಿ ಇದ್ದು ಹಾಳೇಲಿ ಒತ್ತು ಜಾಗ ಬಿಟ್ಟು ಕೂತಿದ್ರೆ ಅಥವಾ ಚೌಕ ಬಂದ್ರೆ, ಡ್ರೈವರ್‌ನ ಅಡ್ವಾನ್ಸ್‌ಡ್ ಭಾಗದಲ್ಲಿ ಟ್ರೂಟೈಪ್ ಫಾಂಟ್ ಅನ್ನ ಬಿಟ್‌ಮ್ಯಾಪ್ ಅಥವಾ ಗ್ರಾಫಿಕ್ಸ್ ಆಗಿ ಕಳಿಸು ಅನ್ನೋ ಥರದ ಆಯ್ಕೆ ಹುಡುಕಿ, ಹೆಸರು ಒಂದೊಂದು ಡ್ರೈವರ್‌ನಲ್ಲಿ ಒಂದೊಂದು ಥರ ಇರತ್ತೆ. ಪ್ರಿಂಟ್ ಸ್ವಲ್ಪ ನಿಧಾನ ಆಗ್ಬಹುದು, ಅಕ್ಷರ ಮಾತ್ರ ಸ್ಕ್ರೀನಲ್ಲಿದ್ದ ಹಾಗೇ ಬರತ್ತೆ. ನನ್ನ ಪುಟ ಅದಿಲ್ಲದೇನೇ ಸರಿಯಾಗಿ ಬಂತು, ಜ್ಞ, ಕ್ಷ್ಮ, ಸ್ತ್ರೀ ಎಲ್ಲಾ ನೆಟ್ಟಗಿತ್ತು.

ಕೊನೇ ಕೆಲಸ ಬ್ಯಾಕಪ್. ಥರ್ಡ್ ಪಾರ್ಟಿ ಪ್ರಿಂಟರ್ ಡ್ರೈವರ್‌ಗಳನ್ನ ವಿಂಡೋಸ್ ಅಪ್‌ಡೇಟ್ ಮೂಲಕ ಕೊಡೋದನ್ನ ಹಂತ ಹಂತವಾಗಿ ನಿಲ್ಲಿಸ್ತೀವಿ ಅಂತ 2023ರ ಸೆಪ್ಟೆಂಬರ್‌ನಲ್ಲೇ ಮೈಕ್ರೋಸಾಫ್ಟ್ ಹೇಳಿದೆ. ಹೊಸ ಪ್ರಿಂಟರ್‌ಗಳಲ್ಲಿ ಐಪಿಪಿ ಓವರ್ ಯುಎಸ್‌ಬಿ ಅನ್ನೋ ಎಲ್ಲಾ ಕಂಪನಿಗೂ ಒಂದೇ ಥರದ ಪ್ರಿಂಟಿಂಗ್ ಪದ್ಧತಿ ಇದ್ರೆ ಬೇರೆ ಡ್ರೈವರೇ ಬೇಡ, ಕಪ್ಸ್ ಕೂಡ ಅದೇ ದಾರಿ ಹಿಡಿದಿದೆ. ಆದ್ರೆ ಹಳೇ ಪ್ರಿಂಟರ್ ಇರೋರು ತಮ್ಮ ಡ್ರೈವರನ್ನ ತಾವೇ ಕಾಪಾಡ್ಕೋಬೇಕು, ಸಪೋರ್ಟ್ ಪೇಜ್‌ನಿಂದ ಫೈಲ್ ತೆಗೆದ್ರೆ ಮತ್ತೆ ಹುಡುಕೋದು ಕಷ್ಟ. ಪಿಎನ್‌ಪಿಯುಟಿಲ್‌ನಲ್ಲೇ ಎಕ್ಸ್‌ಪೋರ್ಟ್-ಡ್ರೈವರ್ ಇದೆ, ಓಇಎಂ ನಂಬರ್ ಕೊಟ್ಟು ಒಂದು ಫೋಲ್ಡರ್ ತೋರಿಸಿದ್ರೆ ಪೂರ್ತಿ ಪ್ಯಾಕೇಜ್ ಸಹಿ ಸಮೇತ ಅಲ್ಲಿಗೆ ಬರತ್ತೆ. ಆ ಫೋಲ್ಡರು, ಮೂಲ ಇಎಕ್ಸ್‌ಇ, ಕಾನ್ಫಿಗರೇಶನ್ ಪೇಜ್‌ನ ಫೋಟೋ, ಮೂರನ್ನೂ ಪೆನ್‌ಡ್ರೈವ್‌ಗೆ ಹಾಕಿ ಪ್ರಿಂಟರ್ ಮಾಡೆಲ್ ಹೆಸರು ಬರೆದಿಟ್ಟಿದೀನಿ.